ಕಾಕಾರ ಪೆಟ್ಟಿಗೆ, ನಾಲ್ಕು ಲಿವರಿನ ಕೀಲಿ

"ಒಡೀಬ್ಯಾಡಪಾ, ತೆಗೀ." ಕಾಕಾರ ಮಗಳು, ನಾನು ಅಕ್ಕ ಅಂತ ಕರೆಯುವವರು, ಹೇಳಿದ್ದು ಇಷ್ಟೇ. ಪೆಟ್ಟಿಗೆಯನ್ನು ಆಟೊದಿಂದ ಇಳಿಸಿ ನಮ್ಮ ಪಡಸಾಲೆಯಲ್ಲಿ ಇಡಿಸಿದರು, ಸೆರಗಿನಿಂದ ಮುಚ್ಚಳ ಒರೆಸಿದರು, ಗೋಡೆಗೆ ಒರಗಿ ಕೂತರು. ಜೊತೆಗೆ ಕಾಲೇಜಿಗೆ ಹೋಗುವ ಅವರ ಮಗ. ಕೀಲಿಕೈ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಕಾಕಾ ಹೋಗಿ ಒಂದು ವರ್ಷವಾಗಿತ್ತು.

ನಮ್ಮ ಕಡೆ ಬೀಗಕ್ಕೆ ಕೀಲಿ ಅನ್ನುತ್ತೇವೆ, ಅದನ್ನು ತೆಗೆಯುವುದು ಕೀಲಿಕೈ. ಧಾರವಾಡದ ಸುಭಾಸ ರಸ್ತೆಗೆ ಹತ್ತಿಕೊಂಡ ಒಂದು ಓಣಿಯಲ್ಲಿ ನಲವತ್ತು ವರ್ಷ ಕೂತು ಕೀಲಿ ರಿಪೇರಿ ಮಾಡಿದವರಾದ್ದರಿಂದ ಎಲ್ಲರಿಗೂ ಅವರು ಕೀಲಿ ಕಾಕಾ. ಅಂಗಡಿ ಅಂದರೆ ಒಂದು ಬಾಗಿಲು, ಒಂದು ಹಲಗೆ, ಒಂದು ವೈಸು. ಹಲಗೆಯ ಮೇಲೆ ಯಾವಾಗಲೂ ಹಳೆಯ ಕೀಲಿಗಳ ರಾಶಿ. ಅಲಿಗಢದ ಹಿತ್ತಾಳೆ ಕೀಲಿ, ದಿಂಡಿಗಲ್ಲಿನ ಮಾವಿನಕಾಯಿ ಆಕಾರದ ಕೀಲಿ, ತಿರುಪಿನಂತೆ ತಿರುಗಿಸಿ ಒಳಗೆ ಬಿಡುವ ಸ್ಕ್ರೂ ಕೀಲಿಕೈಯ ಕಬ್ಬಿಣದ ಬೀಗ, ದೇವಸ್ಥಾನದ ಹುಂಡಿಯಿಂದ ಬಂದದ್ದು, ವಾಡೆಯ ತಲಬಾಗಿಲಿನಿಂದ ಬಂದದ್ದು. ರಾಶಿಯ ಪಕ್ಕದಲ್ಲಿ ರೇಡಿಯೊ. ಊರಿನಲ್ಲಿ ಯಾರ ಮನೆಯಲ್ಲಾದರೂ ಅಜ್ಜನ ಕಾಲದ ಕೀಲಿ ಸಿಕ್ಕಿಬಿದ್ದರೆ ಕಾಕಾರಿಗೇ ಹೇಳಿ ಕಳಿಸುತ್ತಿದ್ದರು. ಅವರು ನೋಡಿದ ಕೂಡಲೇ ಕೈ ಹಾಕುತ್ತಿರಲಿಲ್ಲ. ಮೊದಲು ಅದನ್ನು ಅಲುಗಾಡಿಸಿ ಕಿವಿಯ ಹತ್ತಿರ ಹಿಡಿಯುತ್ತಿದ್ದರು.

ನಾನು ಅವರ ಅಂಗಡಿಗೆ ಮೊದಲ ಸಲ ಹೋದದ್ದು 1992ರ ಸೆಪ್ಟೆಂಬರ್ 12ರಂದು, ಹಾಸ್ಟೆಲ್ ಟ್ರಂಕಿನ ಕೀಲಿಕೈ ಕಳೆದುಕೊಂಡು. ಬಾಗಿಲು ಅರ್ಧ ಎಳೆದಿತ್ತು. ಕಾಕಾ ಒಳಗೆ ಸುಮ್ಮನೆ ಕೂತಿದ್ದರು. "ಇವತ್ತ ಕೈ ಓಡಂಗಿಲ್ಲ ತಮ್ಮಾ, ನಾಳೆ ಬಾ" ಅಂದರು. ಅಂದು ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ತೀರಿಕೊಂಡಿದ್ದರು. ನನಗೆ ಆಗ ಸಂಗೀತದ ಗಂಧ ಇರಲಿಲ್ಲ. ಮನೆಯವರಲ್ಲದ ಒಬ್ಬರಿಗಾಗಿ ಒಬ್ಬ ಮನುಷ್ಯ ದಿನದ ದುಡಿಮೆ ಬಿಟ್ಟು ಕೂತಿದ್ದನ್ನು ನೋಡಿ, ಮರುದಿನ ಹೋಗದೆ ಇರಲಿಕ್ಕೆ ಆಗಲಿಲ್ಲ. ಆಮೇಲೆ ಭಾನುವಾರ ಭಾನುವಾರ ಹೋದೆ. ಇವತ್ತು ನನಗೆ ಬರುವ ಕೀಲಿ ಕೆಲಸವೆಲ್ಲ ಆ ಹಲಗೆಯ ಪಕ್ಕ ಕೂತು ಕಲಿತದ್ದು.

ಈಗ ಪೆಟ್ಟಿಗೆಯ ವಿಚಾರ. ಸಾಗವಾನಿ, ಮೂಲೆಗಳಿಗೆ ಹಿತ್ತಾಳೆ ಪಟ್ಟಿ. ಕೀಲಿ ಮುಂದಿನ ಹಲಗೆಯ ಒಳಮೈಗೆ ಕೂತಿದೆ. ಮುಚ್ಚಳದಿಂದ ಒಂದು ಕೊಂಡಿ ಇಳಿದು ಕೀಲಿಯ ಒಳಗೆ ಹೋಗುತ್ತದೆ, ಒಳಗಿನ ಅಗುಳಿ ಅಡ್ಡ ಸರಿದು ಅದನ್ನು ಹಿಡಿಯುತ್ತದೆ. ಸ್ಕ್ರೂಗಳೆಲ್ಲ ಒಳಗಡೆ. ಅಂದರೆ ಪೆಟ್ಟಿಗೆ ತೆರೆಯದೆ ಕೀಲಿ ಬಿಚ್ಚಲಿಕ್ಕೆ ಬರುವುದಿಲ್ಲ. ಹಿಂದಿನ ಕೀಲುಗಳ ಪಿನ್ನು ಹೊಡೆದು ತೆಗೆಯುವ ದಾರಿಯೊಂದಿದೆ, ಆದರೆ ಪಿನ್ನಿನ ತಲೆ ತಟ್ಟಿ ಕೂರಿಸಿದ್ದರು, ಮರ ಸೀಳುತ್ತಿತ್ತು. ಉಳಿದದ್ದು ಕೀಲಿಕೈಯ ತೂತು ಒಂದೇ.

ಶುರು ಮಾಡುವ ಮೊದಲು ಕಾಕಾರ ಪದ್ಧತಿ ಒಂದನ್ನು ಮಾಡಿಯೇ ಮುಂದುವರಿದೆ. ಯಾರದೇ ಕೀಲಿ ತೆಗೆಯುವಾಗ ಮನೆಯವರು ಇಬ್ಬರು ಎದುರಿಗಿರಬೇಕು, ನೆರೆಯವರೊಬ್ಬರು ಬಂದು ನೋಡಿರಬೇಕು. ಕೆಲಸ ಮುಗಿದ ಮೇಲೆ ಮಾದರಿಗೆ ಮಾಡಿದ ಕೀಲಿಕೈಯನ್ನು ಅವರ ಕಣ್ಣ ಮುಂದೆಯೇ ಎರಡು ತುಂಡು ಮಾಡಬೇಕು. ಕಾಕಾ ಇದನ್ನು ಒಂದು ದಿನವೂ ತಪ್ಪಿಸಲಿಲ್ಲ. ಅವರ ಸ್ವಂತ ಪೆಟ್ಟಿಗೆಗೂ ಅದೇ ಆಗಲಿ ಅಂತ ಪಕ್ಕದ ಮನೆಯ ಮಾಸ್ತರರನ್ನು ಕರೆದೆ. ಬಂದರು, ಚಹಾ ಕುಡಿದರು, ನೋಡಿದರು, ಹೋದರು.

ತೂತಿನೊಳಗೆ ಟಾರ್ಚು ಬಿಟ್ಟೆ. ನಡುವೆ ಒಂದು ಪಿನ್ನು ನಿಂತಿದೆ. ಹಾಗಾದರೆ ಕೀಲಿಕೈ ಕೊಳವೆಯದು, ಅದರ ಟೊಳ್ಳು ತುದಿ ಈ ಪಿನ್ನಿನ ಮೇಲೆ ಕೂತು ತಿರುಗಬೇಕು. ಪಿನ್ನಿನ ಹಿಂದೆ ಹಿತ್ತಾಳೆಯ ಪದರಗಳು ಮಿಂಚಿದವು. ಲಿವರ್ ಕೀಲಿ. ಸುತ್ತಲೂ ಜಿಡ್ಡು, ಕಂದು ಬಣ್ಣದ ಅಂಟು. ಮೂಸಿದೆ. ಕೊಬ್ಬರಿ ಎಣ್ಣೆ. ಅಕ್ಕನ ಮಗ ತಲೆ ತಗ್ಗಿಸಿ, "ನಾನ ಹಾಕೀನ್ರೀ, ಸಡ್ಲ ಆಗ್ತದಂತ ತಿಳದ್ನಿ" ಅಂದ. ಎಷ್ಟೋ ಮನೆಗಳಲ್ಲಿ ಪ್ರೀತಿಯಿಂದಲೇ ಇದನ್ನು ಮಾಡುತ್ತಾರೆ. ಹಾಕಿದ ದಿನ ಕೀಲಿ ಸಲೀಸು ಅನಿಸುತ್ತದೆ. ಆಮೇಲೆ ಎಣ್ಣೆ ಧೂಳು ಹಿಡಿಯುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ, ವರ್ಷ ಕಳೆದರೆ ಗೋಂದಿನಂತಾಗಿ ಲಿವರುಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಅಗುಳಿಗೆ ಹೊಲಿಗೆ ಮಷಿನ್ನಿನ ಎಣ್ಣೆ ಒಂದು ತೊಟ್ಟು, ಲಿವರುಗಳಿಗೆ ಗ್ರಾಫೈಟ್ ಪುಡಿ, ಅದೂ ಚಿಟಿಕೆ. ಮನೆಯಲ್ಲಿ ಹಳೆಯ ಕೀಲಿ ಇರುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಲಿವರ್ ಎಷ್ಟು, ಯಾವುದರ ಗತಿ ಏನು ಅಂತ ತಿಳಿಯಬೇಕಲ್ಲ. ಸೈಕಲ್ ಸ್ಪೋಕಿನ ತುದಿ ಬಡಿದು ಚಪ್ಪಟೆ ಮಾಡಿ, ಬಗ್ಗಿಸಿ, ಒಳಗೆ ಬಿಟ್ಟೆ. ಸ್ಕ್ರೂಡ್ರೈವರಿನ ತುದಿಯನ್ನು ತೂತಿನ ಸುತ್ತಲಿನ ಹಿತ್ತಾಳೆ ತಗಡಿಗೆ ಒತ್ತಿ ಅದರ ಹಿಡಿಯನ್ನು ಕಿವಿಗೆ ಹಚ್ಚಿಕೊಂಡೆ. ಮೋಟಾರು ಮೆಕ್ಯಾನಿಕರು ಇಂಜಿನ್ನಿಗೆ ಮಾಡುವುದು ಇದನ್ನೇ. ಮೊದಲನೆಯ ಲಿವರನ್ನು ಮೇಲೆತ್ತಿ ಬಿಟ್ಟೆ: ಟಕ್. ಎರಡನೆಯದು: ಟಕ್, ಸ್ವಲ್ಪ ಮಂದ. ನಾಲ್ಕನೆಯದೂ ಸದ್ದು ಕೊಟ್ಟಿತು. ನಡುವಿನ ಮೂರನೆಯದು ಎತ್ತಲಿಕ್ಕೂ ಸಿಗಲಿಲ್ಲ, ಮಾತೂ ಆಡಲಿಲ್ಲ. ಮೇಲೆ ಹೋಗಿ ಅಂಟಿಕೊಂಡು ಅಲ್ಲೇ ನಿಂತಿದೆ. ಅದನ್ನು ಕೆಳಗೆ ಒತ್ತುವ ಸ್ಪ್ರಿಂಗು ಗಟ್ಟಿ ಇದ್ದಿದ್ದರೆ ಹೀಗೆ ನಿಲ್ಲುತ್ತಿರಲಿಲ್ಲ. ಸ್ಪ್ರಿಂಗು ಮುರಿದಿದೆ ಅಂತ ಲೆಕ್ಕ ಹಾಕಿದೆ.

ಲಿವರ್ ಕೀಲಿ ಗೊತ್ತಿಲ್ಲದವರಿಗಾಗಿ ಇಷ್ಟು: ಪ್ರತಿ ಲಿವರಿನಲ್ಲೂ ಒಂದು ಕಿಂಡಿ ಕೊರೆದಿರುತ್ತದೆ. ಅಗುಳಿಗೆ ಒಂದು ಗೂಟ ಇರುತ್ತದೆ. ಎಲ್ಲ ಲಿವರುಗಳ ಕಿಂಡಿಗಳೂ ಒಂದೇ ಗೆರೆಗೆ ಬಂದಾಗ ಮಾತ್ರ ಗೂಟ ದಾಟುತ್ತದೆ, ಅಗುಳಿ ಸರಿಯುತ್ತದೆ. 1778ರಲ್ಲಿ ರಾಬರ್ಟ್ ಬ್ಯಾರನ್ ಎಂಬ ಇಂಗ್ಲೆಂಡಿನವನು ಇದಕ್ಕೆ ಪೇಟೆಂಟ್ ತೆಗೆದುಕೊಂಡ. ಅದಕ್ಕೂ ಹಿಂದಿನ ಕೀಲಿಗಳಲ್ಲಿ ಒಳಗಿನ ಪಟ್ಟಿಯನ್ನು ಎಷ್ಟಾದರೂ ಮೇಲೆ ಎತ್ತಿದರೆ ನಡೆಯುತ್ತಿತ್ತು. ಬ್ಯಾರನ್ ಮಾಡಿದ್ದೆಂದರೆ, ಕಡಿಮೆ ಎತ್ತಿದರೂ ತೆಗೆಯದ, ಹೆಚ್ಚು ಎತ್ತಿದರೂ ತೆಗೆಯದ ಲಿವರು. ಇದನ್ನು ಮೊದಲ ಸಲ ವಿವರಿಸುವಾಗ ಕಾಕಾ ರೇಡಿಯೊ ಕಡೆ ಕೈ ತೋರಿಸಿದ್ದರು. "ಏರಿದ್ರೂ ಬೇಸೂರ, ಇಳದ್ರೂ ಬೇಸೂರ. ಸ್ವರ ಕುಂದ್ರೂ ಜಾಗಾ ಒಂದ. ಲಿವರಿಗೂ ಹಂಗ." 1851ರ ಲಂಡನ್ ಪ್ರದರ್ಶನದ ಹೊತ್ತಿಗೆ ಅಮೆರಿಕದ ಹಾಬ್ಸ್ ಬಂದು, ಯಾರೂ ತೆಗೆಯಲಾರರೆಂದು ಅಂಗಡಿಯ ಕಿಟಕಿಯಲ್ಲಿ ಪಣವಿಟ್ಟಿದ್ದ ಬ್ರಾಮಾ ಕೀಲಿಯನ್ನು ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ ಕೂತು ತೆಗೆದ. ಆ ಕಥೆ ಕಾಕಾರಿಗೆ ಬಹಳ ಇಷ್ಟ. ಗೆದ್ದದ್ದಕ್ಕಲ್ಲ, 51 ಗಂಟೆ ಕೂತದ್ದಕ್ಕೆ.

ಮೂರನೆಯ ಲಿವರಿಗೆ ಆ ರಾತ್ರಿ ಸಿರಿಂಜಿನಿಂದ ಚಿಮಣಿ ಎಣ್ಣೆ ನಾಲ್ಕು ಹನಿ ಬಿಟ್ಟೆ. ಮರುದಿನ ಮತ್ತೆ ನಾಲ್ಕು. ಮರಕ್ಕೆ ಇಳಿಯದಂತೆ ತೂತಿನ ಕೆಳಗೆ ಮೇಣ ಹಚ್ಚಿ ಹತ್ತಿ ಒತ್ತಿದ್ದೆ. ಮೂರನೆಯ ದಿನ ಸಂಜೆ ಮರದ ಸುತ್ತಿಗೆಯಿಂದ ಕೀಲಿ ಇರುವ ಜಾಗಕ್ಕೆ ಹೊರಗಿನಿಂದ ಮೆಲ್ಲಗೆ ತಟ್ಟುತ್ತ ಕೂತೆ. ಎಷ್ಟು ಹೊತ್ತಾಯಿತೋ ನೋಡಲಿಲ್ಲ. ತಟ್ಟುವ ಸದ್ದಿನ ಹಿಂದೆ ಒಂದು ಸಣ್ಣ ಸದ್ದು ಕೇಳಿಸಿತು, ಅಕ್ಕಿಕಾಳು ತಟ್ಟೆಗೆ ಬಿದ್ದ ಹಾಗೆ. ಸ್ಪೋಕು ಬಿಟ್ಟು ನೋಡಿದರೆ ಮೂರನೆಯದು ಕೆಳಗೆ ಇಳಿದಿತ್ತು. ಎತ್ತಿದರೆ ಏಳುತ್ತದೆ, ಬಿಟ್ಟರೆ ತನ್ನ ಭಾರಕ್ಕೆ ತಾನೇ ಬೀಳುತ್ತದೆ, ಅಷ್ಟೇ. ಒತ್ತಡ ಇಲ್ಲ.

ಕೀಲಿಕೈಗೆ ಆರು ಮಿಲಿಮೀಟರ್ ಉಕ್ಕಿನ ಸರಳು ತಗೊಂಡು ಗೆಳೆಯನ ಲೇತಿನಲ್ಲಿ ತುದಿಗೆ ಮೂರೂವರೆ ಮಿಲಿಮೀಟರ್ ತೂತು ಕೊರೆಸಿದೆ. ಪಿನ್ನಿನ ಮೇಲೆ ಅಲುಗಾಡದೆ ಕೂತಿತು. ಸರಳಿಗೆ ಸೀಳು ಹಾಕಿ, ಎರಡೂವರೆ ಮಿಲಿಮೀಟರ್ ಹಿತ್ತಾಳೆ ತಗಡಿನ ನಾಲಿಗೆ ಕೂರಿಸಿ, ನಮ್ಮ ಓಣಿಯ ಪತ್ತಾರರ ಹತ್ತಿರ ಬೆಳ್ಳಿ ಬೆಸುಗೆ ಹಾಕಿಸಿದೆ. ಎರಡು ಮಾಡಿಸಿದೆ. ಒಂದೇ ಮಾಡಿಸುವ ಧೈರ್ಯ ಕಾಕಾರಿಗೆ ಇತ್ತು, ನನಗಿಲ್ಲ.

ಮುಂದಿನ ಭಾನುವಾರ ಇಡೀ ದಿನ ಮಸಿ ಹಿಡಿಯುವುದು, ಉಜ್ಜುವುದು. ಕೀಲಿಕೈಯ ನಾಲಿಗೆಯನ್ನು ಚಿಮಣಿ ಬುಡ್ಡಿಯ ಉರಿಯ ಮೇಲೆ ಹಿಡಿದು ಕಪ್ಪಾಗಿಸಬೇಕು. ಒಳಗೆ ಬಿಟ್ಟು, ಹಗುರವಾಗಿ, ಹಾಲಿನ ಕೆನೆ ಸರಿಸುವಷ್ಟೇ ಬಲದಲ್ಲಿ ತಿರುಗಿಸಬೇಕು. ಹೊರಗೆ ತೆಗೆದು ಬೆಳಕಿಗೆ ಹಿಡಿದರೆ ಮಸಿಯ ಮೇಲೆ ಲಿವರುಗಳು ತಾಗಿದ ಗುರುತು ಬಿದ್ದಿರುತ್ತದೆ. ಗೂಟಕ್ಕೆ ಬಿಗಿಯಾಗಿ ಸಿಕ್ಕಿಕೊಂಡ ಲಿವರಿನ ಗುರುತು ಉಳಿದವುಗಳಿಗಿಂತ ಹೊಳಪು. ಅಲ್ಲಿ ಮಾತ್ರ ಅರ ಆಡಿಸಬೇಕು, ಎರಡು ಎಳೆತ, ಮೂರು ಎಳೆತ. ಮತ್ತೆ ಮಸಿ. ಕಾಕಾ ಅರಕ್ಕೆ ಕಾನಸ ಅನ್ನುತ್ತಿದ್ದರು. ಅವರ ಕಾನಸ ಮುಂದಕ್ಕೆ ಹೋಗುವಾಗ ಮಾತ್ರ ಲೋಹ ಮುಟ್ಟುತ್ತಿತ್ತು, ಹಿಂದಕ್ಕೆ ಬರುವಾಗ ಗಾಳಿಯಲ್ಲಿ. ನನ್ನ ಕೈಗೆ ಅದು ಕೂರಲು ಎರಡು ವರ್ಷ ಹಿಡಿಯಿತು.

ಹೀಗೆ ನಾಲಿಗೆಯಲ್ಲಿ ಒಂದೊಂದು ಲಿವರಿಗೆ ಒಂದೊಂದು ಮೆಟ್ಟಿಲು ಏಳಬೇಕು. ಒಂದನೆಯ, ಎರಡನೆಯ, ನಾಲ್ಕನೆಯ ಮೆಟ್ಟಿಲು ಸಂಜೆಯೊಳಗೆ ಬಂದವು. ಮೂರನೆಯದು ಬರಲಿಲ್ಲ. ಸ್ಪ್ರಿಂಗಿಲ್ಲದ ಲಿವರು ಮಸಿಯನ್ನು ಸರಿಯಾಗಿ ಒತ್ತುವುದೇ ಇಲ್ಲ. ಗುರುತು ಇದೆ ಅನಿಸುತ್ತದೆ, ಇಲ್ಲ ಅನಿಸುತ್ತದೆ. ರಾತ್ರಿ ಹತ್ತರ ಸುಮಾರಿಗೆ ಇದೆ ಅಂತಲೇ ಅನಿಸಿ ಐದು ಎಳೆತ ಎಳೆದೆ. ತಿರುಗಿಸಿದರೆ ಕೈಗೆ ಗೊತ್ತಾಯಿತು, ಆಳವಾಗಿ ಹೋಗಿದೆ. ಆ ಲಿವರು ಈಗ ಕಿಂಡಿಯ ಮಟ್ಟಕ್ಕೆ ಏಳುವುದಿಲ್ಲ.

"ತಗದದ್ದು ಮತ್ತ ಹಚ್ಚಾಕ ಬರಂಗಿಲ್ಲ, ತಮ್ಮಾ." ಕಾಕಾ ಇದನ್ನು ಹೇಳುತ್ತಿದ್ದದ್ದು ಕೀಲಿಕೈಗೆ ಮಾತ್ರ ಅಲ್ಲ. ಅವರು ಪೇಟಿಯನ್ನೂ ರಿಪೇರಿ ಮಾಡುತ್ತಿದ್ದರು, ಹಾರ್ಮೋನಿಯಂಗೆ ನಮ್ಮಲ್ಲಿ ಪೇಟಿ ಅನ್ನುತ್ತೇವೆ. ಪೇಟಿಯ ಸ್ವರ ಬರುವುದು ಹಿತ್ತಾಳೆ ರೀಡಿನಿಂದ: ಒಂದು ಪಟ್ಟಿಯ ಮೇಲೆ ಬುಡದಲ್ಲಿ ರಿವೆಟ್ ಹೊಡೆದ ತೆಳು ನಾಲಿಗೆ. ಸ್ವರ ಇಳಿದಿದ್ದರೆ ನಾಲಿಗೆಯ ತುದಿಯ ಹತ್ತಿರ ಕೂದಲೆಳೆಯಷ್ಟು ಉಜ್ಜಬೇಕು, ತುದಿ ಹಗುರಾಗಿ ಸ್ವರ ಏರುತ್ತದೆ. ಏರಿದ್ದರೆ ಬುಡದ ಹತ್ತಿರ ಉಜ್ಜಬೇಕು, ಬುಡ ಮೆದುವಾಗಿ ಇಳಿಯುತ್ತದೆ. ತಪ್ಪಿದರೆ ಇನ್ನೊಂದು ತುದಿಗೆ ಹೋಗಿ ಸರಿಮಾಡಬಹುದಲ್ಲ ಅಂತ ನಾನೊಮ್ಮೆ ಕೇಳಿದ್ದೆ. ಸರಿ ಆಗುತ್ತದೆ, ಆದರೆ ಪ್ರತಿ ಸಲ ನಾಲಿಗೆ ತೆಳುವಾಗುತ್ತದೆ, ಕೊನೆಗೆ ದನಿ ಬಡಕಲಾಗುತ್ತದೆ ಅಂದಿದ್ದರು. ಪಾಲಿಟಾಣಾದ ಹಳೆಯ ರೀಡು ಕೈಗೆ ಬಂದರೆ ಆ ದಿನ ಉಜ್ಜುತ್ತಲೇ ಇರಲಿಲ್ಲ, ಊದಿ ಊದಿ ಕೇಳುತ್ತಿದ್ದರು. ಆಕಾಶವಾಣಿ 1940ರಿಂದ 1971ರವರೆಗೆ ಪೇಟಿಯನ್ನು ಹೊರಗಿಟ್ಟಿತ್ತು, ಅದು ಸ್ವರದಿಂದ ಸ್ವರಕ್ಕೆ ಜಾರಲಾರದು ಅನ್ನುವುದು ಒಂದು ಕಾರಣ. ಆ ತಕರಾರು ಕಾಕಾರಿಗೂ ಸರಿ ಅನಿಸಿತ್ತು. ಆದರೂ ಬಡವರ ಮನೆಗೆ, ಭಜನೆಗೆ, ನಾಟಕದ ಕಂಪನಿಗೆ ಅದೇ ಬೇಕಲ್ಲ ಅಂತ ಪೇಟಿ ತಂದವರಿಂದ ಅವರು ದುಡ್ಡಿನ ಲೆಕ್ಕ ಕೇಳಿದ್ದನ್ನು ನಾನು ನೋಡಿಲ್ಲ.

ಎರಡನೆಯ ಕೀಲಿಕೈ ತಗೊಂಡು ಬಂದ ಮೂರು ಮೆಟ್ಟಿಲುಗಳನ್ನು ಮೊದಲನೆಯದರಿಂದ ಅಳೆದು ಕಡಿದೆ. ಮೂರನೆಯದಕ್ಕೆ ಉಪಾಯ ಬದಲಿಸಿದೆ. ಸ್ಪ್ರಿಂಗು ಒತ್ತದಿದ್ದರೆ ಭಾರವಾದರೂ ಒತ್ತಲಿ. ಸ್ಪೋಕನ್ನು ಕೀಲಿಕೈಯ ಮೇಲ್ಬದಿಯಿಂದ ಒಳಗೆ ಕಳಿಸಿ ಆ ಲಿವರೊಂದನ್ನೇ ಮೇಲಿನಿಂದ ಅದುಮಿ ಹಿಡಿದೆ, ಇನ್ನೊಂದು ಕೈಯಿಂದ ತಿರುಗಿಸಿದೆ. ಗುರುತು ಬಿತ್ತು. ಎರಡು ಎಳೆತ. ಮಸಿ. ಗುರುತು. ಒಂದು ಎಳೆತ. ಮಸಿ. ಒಂದು ಎಳೆತ. ಕಡೆಗೆ ಅರವನ್ನು ಕೆಳಗಿಟ್ಟು ಬರಿ ಮರಳು ಕಾಗದದಿಂದ ಸವರಿದೆ. ಬುಧವಾರ ಸಂಜೆ, ಹೊರಗೆ ಮಳೆ, ಅಕ್ಕ ಫೋನಿನಲ್ಲಿ "ಏನಾತು" ಅಂತ ಕೇಳುತ್ತಿರುವಾಗ, ಕೀಲಿಕೈ ಕಾಲು ಸುತ್ತು ಹೋಗಿ, ತಡೆದು, ಮತ್ತೆ ಹೊರಟಿತು. ಅಗುಳಿ ಸರಿದ ಸದ್ದು ಅವರಿಗೆ ಫೋನಿನಲ್ಲೇ ಕೇಳಿಸಿತು. ಮುಚ್ಚಳ ಮಾತ್ರ ಎತ್ತಲಿಲ್ಲ. ಅದು ಅವರು ಎತ್ತಬೇಕಾದದ್ದು. ಅಗುಳಿ ಮತ್ತೆ ಬೀಳದಂತೆ ಕೀಲಿಕೈಯನ್ನು ಅಲ್ಲೇ ಬಿಟ್ಟು ಮಲಗಿದೆ.

ಗುರುವಾರ ತಾಯಿ ಮಗ ಬಂದರು. ಒಳಗೆ ಬಿಳಿ ಧೋತರದಲ್ಲಿ ಸುತ್ತಿಟ್ಟ ಕ್ಯಾಸೆಟ್ಟುಗಳು, ಎಣಿಸಿದರೆ ನಲವತ್ತೊಂದು. ಒಂದು ಜೊತೆ ತಂಬೂರಿ ತಂತಿ, ದನಿ ಝೇಂಕರಿಸಲೆಂದು ತಂತಿಯ ಕೆಳಗೆ ಹಾಕುವ ಜವಾರಿ ದಾರದ ಉಂಡೆ. ಪ್ರತಿ ಕ್ಯಾಸೆಟ್ಟಿನ ಬೆನ್ನಿಗೆ ಕಾಕಾರ ಗುಂಡು ಅಕ್ಷರದಲ್ಲಿ ರಾಗ, ಹಾಡಿದವರು, ತಾರೀಖು. ಮನ್ಸೂರ, ರಾಜಗುರು, ಗಂಗೂಬಾಯಿ. ಅಕ್ಕ ಒಂದೊಂದನ್ನೂ ಓದುತ್ತ ಮಡಿಲಲ್ಲಿ ಜೋಡಿಸಿಕೊಂಡರು. ನಾನು ಅತ್ತ ಕೀಲಿಯ ಆರು ಸ್ಕ್ರೂ ಬಿಚ್ಚಿದೆ.

ಕೀಲಿಯ ಮುಚ್ಚಳ ತೆಗೆದಾಗ ಕಂಡದ್ದನ್ನು ಸ್ವಲ್ಪ ನಿಂತು ಹೇಳಬೇಕು. ನಾಲ್ಕು ಹಿತ್ತಾಳೆ ಲಿವರುಗಳು. ಮೂರಕ್ಕೆ ಉಕ್ಕಿನ ಪಟ್ಟಿ ಸ್ಪ್ರಿಂಗು, ಕಪ್ಪಾಗಿ, ಕೀಲಿ ಹುಟ್ಟಿದಾಗಿನವೇ. ಮೂರನೆಯ ಲಿವರಿನ ಸೀಳಿನಲ್ಲಿ ಹಳದಿ ಬಣ್ಣದ ಮೋಟು ಒಂದು ಉಳಿದಿತ್ತು, ಅದರ ಮುರಿದ ತುಂಡು ಜಿಡ್ಡಿನಲ್ಲಿ ತಳಕ್ಕೆ ಬಿದ್ದಿತ್ತು. ತುಂಡನ್ನು ಚಿಮಟದಿಂದ ಎತ್ತಿ ಚಿಮಣಿ ಎಣ್ಣೆಯಲ್ಲಿ ತೊಳೆದೆ. ಹಿತ್ತಾಳೆ. ತುದಿಗೆ ಅಡ್ಡಡ್ಡ ಕೂದಲೆಳೆಯಂಥ ಗೀರುಗಳು, ಕಾನಸದ ಗೀರುಗಳು. ಮೋಟನ್ನು ಸೀಳಿನಿಂದ ಬಿಡಿಸಿದರೆ ಅದರ ಬುಡದಲ್ಲಿ ಗುಂಡನೆಯ ತೂತು. ರಿವೆಟ್ಟಿನ ತೂತು. ಅದು ಪೇಟಿಯ ರೀಡಿನ ನಾಲಿಗೆ. ಯಾವತ್ತೋ ಈ ಸ್ಪ್ರಿಂಗು ಮೊದಲ ಸಲ ಮುರಿದಾಗ ಕಾಕಾ ಸ್ವರ ಬಿಟ್ಟ ರೀಡೊಂದರ ನಾಲಿಗೆ ಕಿತ್ತು ಇಲ್ಲಿ ಹಾಕಿದ್ದರು. ಅಕ್ಕನಿಗೆ ತೋರಿಸಿದೆ. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

ಹೊಸ ಸ್ಪ್ರಿಂಗಿಗೆ ಗಡಿಯಾರದ ಉಕ್ಕಿನ ಪಟ್ಟಿ ಹಾಕಬಹುದಿತ್ತು, ಹೆಚ್ಚು ಬಾಳುತ್ತದೆ. ನಾನು ಹಾಕಲಿಲ್ಲ. ಈ ಲಿವರು ಹಗುರು, ಹಿತ್ತಾಳೆಯ ಒತ್ತಡ ಅದಕ್ಕೆ ಸಾಲುತ್ತದೆ, ಧಾರವಾಡದ ಮಳೆಗಾಲಕ್ಕೆ ತುಕ್ಕು ಹಿಡಿಯುವುದಿಲ್ಲ. ಅದಕ್ಕೂ ಮಿಗಿಲಾಗಿ, ಕಾಕಾ ಹಾಕಿದ್ದು ಇದನ್ನೇ. ಅವರ ಕೆಲಸದ ಸಾಮಾನಿನ ಜೊತೆ ಅಕ್ಕ ಕೊಟ್ಟಿದ್ದ ತಂಬಾಕಿನ ಡಬ್ಬಿಯಲ್ಲಿ ಹಳೆಯ ರೀಡುಗಳು ಇಪ್ಪತ್ತೋ ಮೂವತ್ತೋ ಇದ್ದವು. ಮೇಲಿನ ಸಪ್ತಕದವು ತೀರ ಗಿಡ್ಡ. ಮಂದ್ರದ ಒಂದು ಉದ್ದನೆಯದನ್ನು ಆರಿಸಿ ಪಟ್ಟಿಯನ್ನು ತುಟಿಗೆ ಹಚ್ಚಿ ಊದಿದೆ. ಬಿರುಕು ಬಿಟ್ಟಂಥ ದನಿ, ಆದರೂ ದನಿ. ಆಮೇಲೆಯೇ ರಿವೆಟ್ ಉಜ್ಜಿ ನಾಲಿಗೆ ಬಿಡಿಸಿದೆ.

ಮುರಿದ ತುಂಡು ಮುರಿದದ್ದು ಬಾಗಿನಲ್ಲಿ, ಬಾಗು ಬಹಳ ಚೂಪಾಗಿತ್ತು. ರೀಡಿನ ಹಿತ್ತಾಳೆ ಒತ್ತಿ ಗಟ್ಟಿಮಾಡಿದ್ದು, ಥಟ್ಟನೆ ಮಡಿಸಿದರೆ ಒಳಗೇ ಸೀಳು ಬಿಡುತ್ತದೆ, ಕಾಯಿಸಿದರೆ ಪುಟಿಯುವ ಗುಣವೇ ಹೋಗುತ್ತದೆ. ಆರು ಮಿಲಿಮೀಟರ್ ಸರಳಿಗೆ ಸುತ್ತಿ, ಕಾಯಿಸದೆ, ಹೆಬ್ಬೆರಳಿನಿಂದ ಒತ್ತುತ್ತ ಅಗಲವಾದ ಬಾಗು ಕೊಟ್ಟೆ. ಅಂಚುಗಳನ್ನು ಮರಳು ಕಾಗದದಿಂದ ನುಣ್ಣಗೆ ಮಾಡಿದೆ, ಬಿರುಕು ಶುರುವಾಗುವುದು ಅಂಚಿನ ಗೀರಿನಿಂದ. ಕಾಕಾ ಮಾಡಿದ್ದಕ್ಕಿಂತ ಬೇರೆ ಮಾಡಿದ್ದು ಈ ಬಾಗು ಒಂದನ್ನು. ಎದುರಿಗಿದ್ದಿದ್ದರೆ ಕೇಳಿಯೇ ಮಾಡುತ್ತಿದ್ದೆ.

ಉಳಿದದ್ದು ಬೇಗ ಮುಗಿಯಿತು. ಜಿಡ್ಡು ತೊಳೆದು, ಒಣಗಿಸಿ, ಗ್ರಾಫೈಟ್ ಚಿಟಿಕೆ ಹಾಕಿ ಜೋಡಿಸಿದೆ. ಹಿತ್ತಾಳೆಯ ಹಳೆಯ ಬಣ್ಣ ತಿಕ್ಕಿ ಹೊಳೆಯಿಸಲಿಲ್ಲ. ಐವತ್ತು ಸಲ ಹಾಕಿ ತೆಗೆದು ನೋಡಿದೆ. ಮೊದಲಿನ, ಕೆಟ್ಟ ಕೀಲಿಕೈಯನ್ನು ತಾಯಿ ಮಗನ ಮುಂದೆ ವೈಸಿಗೆ ಸಿಕ್ಕಿಸಿ ಎರಡು ತುಂಡು ಮಾಡಿದೆ. ಕಾಕಾರ ಮುರಿದ ಸ್ಪ್ರಿಂಗನ್ನು ಕಾಗದದಲ್ಲಿ ಮಡಿಸಿ ಪೆಟ್ಟಿಗೆಯ ಒಳಗೇ ಇಟ್ಟೆ.

ಕ್ಯಾಸೆಟ್ಟು ಹಾಕಲು ನಮ್ಮಲ್ಲಿ ಟೇಪ್ ರೆಕಾರ್ಡರ್ ಇನ್ನೂ ಇದೆ. ಅಕ್ಕ ಮಡಿಲಿನಿಂದ ಒಂದನ್ನು ಕೊಟ್ಟರು. ಬೆನ್ನ ಮೇಲೆ: ಮನ್ಸೂರ, ಶುದ್ಧ ನಟ. ಎರಡು ಕ್ಯಾಸೆಟ್ಟುಗಳಲ್ಲಿ ಟೇಪಿನ ಹಿಂದಿನ ಸ್ಪಂಜು ಕಳಚಿತ್ತು, ಇದು ಗಟ್ಟಿಯಾಗಿತ್ತು. ಬೆರಳಿನಿಂದ ಎರಡು ಸುತ್ತು ಸಡಿಲಿಸಿ ಹಾಕಿದೆ. ಕರಕರ ಸದ್ದಿನ ಹಿಂದೆ ತಂಬೂರಿ, ಆಮೇಲೆ ಆ ಧ್ವನಿ. ಅಂಗಡಿಯಲ್ಲಿ ರೇಡಿಯೊ ಮುಂದೆ ಟೇಪು ಇಟ್ಟು ತುಂಬಿಕೊಂಡದ್ದು. ಓಣಿಯ ಸೈಕಲ್ ಗಂಟೆ, ಯಾರೋ ಯಾರನ್ನೋ ಕರೆದದ್ದು, ಎಲ್ಲವೂ ಇತ್ತು. ಅವೆಲ್ಲದರ ಕೆಳಗೆ ಇನ್ನೊಂದು ಸದ್ದು. ಮುಂದಕ್ಕೆ ಎಳೆತ, ಮೌನ. ಮುಂದಕ್ಕೆ ಎಳೆತ, ಮೌನ.

"ಅಪ್ಪಾರ ಕಾನಸ" ಅಂದರು ಅಕ್ಕ.

ಹಾಡು ಏರುತ್ತ ಹೋಯಿತು. ಕಾನಸ ಅದರ ಪಾಡಿಗೆ ನಡೆದಿತ್ತು. ಧ್ವನಿ ತಾರ ಷಡ್ಜ ಮುಟ್ಟುವ ಹೊತ್ತಿಗೆ ಕಾನಸ ನಿಂತಿತು. ಸ್ವರ ಕೆಳಗಿಳಿದು ತಾಳದ ಸಮಕ್ಕೆ ಬರುವ ತನಕ ಅದು ಮತ್ತೆ ಶುರುವಾಗಲಿಲ್ಲ. ಹುಡುಗ ಎದ್ದು ಟೇಪಿನ ಹತ್ತಿರ ಹೋಗಿ ಕೂತ. ಒಂದು ಬದಿ ಮುಗಿದಾಗ ಅಕ್ಕ ತಾವೇ ಎದ್ದು ಕ್ಯಾಸೆಟ್ಟು ಮಗುಚಿ ಹಾಕಿದರು.